ಬೆಟ್ಟದ ಮಣಿ, ಒಲೆಯ ಮಣಿ

ಪಾಲಿಮರ್ ಜೇಡಿ ಎಂಬ ಹೆಸರಿನಿಂದ ಲೋಕದಲ್ಲಿ ಬಳಕೆಯಾಗುತ್ತಿರುವ ವಸ್ತು ನಿಜವಾಗಿ ಜೇಡಿಯಲ್ಲ. ಕೆರೆಯಂಗಳದಿಂದ ಅಗೆದು ತಂದು, ನೆನೆಹಾಕಿ, ತುಳಿದು ಹದಗೊಳಿಸಿ ಕುಂಬಾರನು ತಿಗುರಿಯ ಮೇಲೆ ಏರಿಸುವ ಮಣ್ಣಿಗೂ ಇದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ನೀರಿನ ಕೊಳವೆಗಳಿಗೂ ವಿದ್ಯುತ್ತಂತಿಯ ಹೊದಿಕೆಗೂ ಒದಗುವ ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನ ನಯವಾದ ಪುಡಿಗೆ ಎಣ್ಣೆಯಂಥ ಒಂದು ದ್ರವವನ್ನೂ ಬಣ್ಣವನ್ನೂ ಬೆರಸಿ ಮಿದ್ದಿದರೆ ಬೆರಳಿನ ಮಾತು ಕೇಳುವ ಒಂದು ಮುದ್ದೆಯಾಗುತ್ತದೆ. ಮಣ್ಣಿನಂತೆ ಇದು ಗಾಳಿಗೆ ಒಣಗುವುದಿಲ್ಲ. ವಾರಗಟ್ಟಲೆ ಮೇಜಿನ ಮೇಲೆ ಬಿಟ್ಟರೂ ಮೆತ್ತಗೇ ಇರುತ್ತದೆ. ರೊಟ್ಟಿ ಬೇಯಿಸುವ ಓವನ್ನಿನಲ್ಲಿ, ೧೧೦ರಿಂದ ೧೩೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಅರ್ಧ ಗಂಟೆ ಇಟ್ಟಾಗ ಪುಡಿಯ ಕಣಗಳು ಆ ದ್ರವವನ್ನು ಹೀರಿಕೊಂಡು ಒಂದರೊಡನೊಂದು ಬೆಸೆದು ಗಟ್ಟಿಯಾಗುತ್ತವೆ. ಕುಂಬಾರನ ಆವಗೆಯಲ್ಲಿ ಮಣ್ಣು ತನ್ನ ನೀರನ್ನೆಲ್ಲ ಕಳೆದುಕೊಂಡು ಬೇರೆಯೇ ಒಂದು ವಸ್ತುವಾಗುತ್ತದೆ. ಇಲ್ಲಿ ಅಂಥ ಅಗ್ನಿಪರೀಕ್ಷೆಯೇನೂ ನಡೆಯುವುದಿಲ್ಲ. ಕೈಗೆ ಒಗ್ಗುವ ಗುಣವೊಂದನ್ನು ಕಂಡು ಜನ ಇದನ್ನು ಜೇಡಿಯೆಂದು ಕರೆದರು. ಆ ಹೆಸರು ನಿಂತಿತು.

ಹೀಗೆ ಹೆಸರಿನಲ್ಲಿಯೇ ವೇಷ ತೊಟ್ಟು ಬಂದ ದ್ರವ್ಯಕ್ಕೆ ವೇಷ ಹಾಕುವುದೇ ಒಂದು ಕಲೆಯಾಗಿ ಬೆಳೆದುದು ಆಶ್ಚರ್ಯವಲ್ಲ. ಮನೆಯ ಮೇಜಿನ ಮುಂದೆ ಕುಳಿತು ಇದರಿಂದ ಮಣಿಗಳನ್ನೂ ಪದಕಗಳನ್ನೂ ಕಿವಿಯ ಲೋಲಾಕುಗಳನ್ನೂ ಮಾಡುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಅವರ ಕೈಯಲ್ಲಿ ಅದು ಫಿರೋಜಾ ಕಲ್ಲಾಗುತ್ತದೆ, ಹವಳವಾಗುತ್ತದೆ, ಆನೆಯ ದಂತವಾಗುತ್ತದೆ. ಬರಿಯ ಕಣ್ಣಿನಿಂದ ನೋಡಿದವರು ಬೇರೆಯೆಂದು ಹೇಳಲಾರದಷ್ಟು ಚೆನ್ನಾಗಿ ಆಗುತ್ತದೆ. ಇಲ್ಲಿಯೇ ಒಂದು ಪ್ರಶ್ನೆ ತಲೆದೋರುತ್ತದೆ. ಒಂದು ವಸ್ತುವನ್ನು ಮತ್ತೊಂದರಂತೆ ತೋರುವ ಹಾಗೆ ಮಾಡುವುದು ಸುಳ್ಳು ಹೇಳಿದಂತೆಯೇ? ಸುಳ್ಳಾದರೆ ಅದನ್ನು ಹೇಳಿದವರು ಯಾರು? ಮಾಡಿದವಳೇ, ಮಾರಿದವನೇ, ಕೊರಳಿಗೆ ಹಾಕಿಕೊಂಡವಳೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಚಿಕ್ಕ ವಸ್ತುಗಳಲ್ಲಿ ಧರ್ಮಸೂಕ್ಷ್ಮ ಅಡಗಿರುವಷ್ಟು ದೊಡ್ಡ ವಸ್ತುಗಳಲ್ಲಿ ಅಡಗಿರುವುದಿಲ್ಲ.

ಈ ದ್ರವ್ಯದ ವಂಶಾವಳಿ ಬಹಳ ಮೊಟಕು. ಜರ್ಮನಿಯಲ್ಲಿ ಬೊಂಬೆಗಳ ತಯಾರಿಕೆಗೆ ಹೆಸರಾಗಿದ್ದ ಕೇಟೆ ಕ್ರೂಸೆ ಎಂಬ ಮಹಿಳೆ, ಎರಡನೆಯ ಮಹಾಯುದ್ಧದ ಸುಮಾರಿನಲ್ಲಿ, ಬೊಂಬೆಯ ತಲೆಗಳಿಗೆ ಒದಗೀತೇ ಎಂದು ಇಂಥದೊಂದು ಮುದ್ದೆಯನ್ನು ಪರೀಕ್ಷಿಸಿ ನೋಡಿದರು. ಕಾರ್ಖಾನೆಯ ಕೆಲಸಕ್ಕೆ ಅದು ಹೊಂದಲಿಲ್ಲ. ತಾಯಿ ಬೇಡವೆಂದು ಬಿಟ್ಟುದು ಮಗಳು ಸೋಫಿಯ ಪಾಲಿಗೆ ಬಂದಿತು. ಮನೆಯಲ್ಲಿ ಫಿಫಿ ಎಂದು ಕರೆಸಿಕೊಳ್ಳುತ್ತಿದ್ದ ಆಕೆ ಅದನ್ನು ತಿದ್ದಿ ‘ಫಿಫಿ ಮೊಸಾಯಿಕ್’ ಎಂಬ ಹೆಸರಿನಲ್ಲಿ ಮಾರಿದರು. ೧೯೬೪ರಲ್ಲಿ ಎಬರ್‌ಹಾರ್ಡ್ ಫಾಬರ್ ಎಂಬ ಪೆನ್ಸಿಲ್ ಸಂಸ್ಥೆ ಅದನ್ನು ಕೊಂಡುಕೊಂಡು, ಎರಡು ಮಾತುಗಳ ಮೊದಲ ಅಕ್ಷರಗಳನ್ನು ಜೋಡಿಸಿ ‘ಫಿಮೊ’ ಎಂದು ನಾಮಕರಣ ಮಾಡಿತು. ಅಮೆರಿಕದಲ್ಲಿ ‘ಸ್ಕಲ್ಪಿ’ ಎಂಬ ಇದರ ಸೋದರಿಯ ಕಥೆಯೂ ಇಂಥದೇ. ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಒಡಲಿನ ಕಾವನ್ನು ಹೊರಗೆ ಸಾಗಿಸಲೆಂದು ಅದನ್ನು ತಯಾರಿಸಿದ್ದರು. ಆ ಕೆಲಸಕ್ಕೆ ಯಾರೂ ಕೊಳ್ಳಲಿಲ್ಲ. ಉಳಿದುದನ್ನು ಬೆರಳಿನಿಂದ ಒತ್ತಿ ನೋಡಿದಾಗ ಅದು ಮೂರ್ತಿಯಾಗಬಲ್ಲದೆಂಬುದು ತಿಳಿಯಿತು.

ಚಿನ್ನಕ್ಕೆ ಅಕ್ಕಸಾಲಿಗನುಂಟು, ಮಣ್ಣಿಗೆ ಕುಂಬಾರನುಂಟು, ಗಾಜಿಗೆ ಬಳೆಗಾರನುಂಟು. ಇದಕ್ಕೆ ಯಾರೂ ಇರಲಿಲ್ಲ. ತಲೆಮಾರುಗಳು ಕೂಡಿಟ್ಟ ವಿದ್ಯೆಯಾಗಲಿ, ಹೀಗೆಯೇ ಮಾಡತಕ್ಕದ್ದು ಎಂದು ಗದರಿಸುವ ಹಿರಿಯನಾಗಲಿ ಇಲ್ಲದ ದ್ರವ್ಯವು ಕಂಡಕಂಡ ಮನೆಯ ಬಾಗಿಲಲ್ಲಿ ನಿಂತು ವಿದ್ಯೆಯನ್ನು ಬೇಡಿ ತಂದಿತು. ವೆನಿಸ್ ನಗರದ ಬಳಿಯ ಮುರಾನೊ ದ್ವೀಪದ ಗಾಜಿನ ಕೆಲಸಗಾರರಿಂದ, ಬಣ್ಣದ ಕಡ್ಡಿಗಳನ್ನು ಕಟ್ಟುಕಟ್ಟಿ ಹೂವಿನ ಚಿತ್ರವನ್ನು ಒಳಗೇ ಬೆಳೆಸುವ ಕ್ರಮವನ್ನು ತಂದಿತು. ಕತ್ತಿಯ ಹಿಡಿಗೆ ಹಲವು ಲೋಹಗಳ ಪದರಗಳನ್ನು ಬೆಸೆದು ಮರದ ಎಳೆಯಂತೆ ಕಾಣಿಸುತ್ತಿದ್ದ ಜಪಾನಿನ ಕಮ್ಮಾರರಿಂದ ‘ಮೊಕುಮೆ ಗಾನೆ’ ಎಂಬ ಪದರದ ಕೆಲಸವನ್ನು ತಂದಿತು. ಇಟಲಿಯ ಅಡುಗೆಮನೆಯಿಂದ ಹಿಟ್ಟು ಲಟ್ಟಿಸುವ ಯಂತ್ರವನ್ನೂ ಬಿಡಲಿಲ್ಲ. (ಒಮ್ಮೆ ಈ ಮುದ್ದೆ ಹಾಯ್ದ ಯಂತ್ರವನ್ನು ಮತ್ತೆ ಅಡುಗೆಗೆ ಹಿಂದಿರುಗಿಸಲಾಗದು, ಸಾಲ ತಂದುದನ್ನು ತೀರಿಸದವರ ಗುಂಪಿಗೆ ಇದೂ ಸೇರಿದುದೆನ್ನಬೇಕು.) ನ್ಯಾನ್ ರೋಶ್ ಎಂಬುವರು ‘ದಿ ನ್ಯೂ ಕ್ಲೇ’ ಎಂಬ ಪುಸ್ತಕವನ್ನು ೧೯೯೧ರಲ್ಲಿ ಪ್ರಕಟಿಸಿದಾಗ ಈ ಚದರಿದ ವಿದ್ಯೆಗಳೆಲ್ಲ ಒಂದು ಕಟ್ಟಿಗೆ ಬಂದವು.

ವೇಷ ಹಾಕುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಏಕೆಂದರೆ ಪ್ರಶ್ನೆಯ ತಿರುಳು ಅಲ್ಲಿಯೇ ಇದೆ. ಫಿರೋಜಾ ಮಾಡಬೇಕೆನ್ನುವವಳು ನೀಲಿಹಸಿರಿನ ನಾಲ್ಕಾರು ಛಾಯೆಗಳ ಮುದ್ದೆಗಳನ್ನು ಬೇರೆಬೇರೆಯಾಗಿ ಕಲಸಿಕೊಳ್ಳುತ್ತಾಳೆ. ಒಂದೇ ಛಾಯೆಯಾದರೆ ಕಣ್ಣು ನಂಬುವುದಿಲ್ಲ, ಕಲ್ಲು ಎಂದೂ ಒಂದೇ ಬಣ್ಣವಲ್ಲ. ಆ ಮುದ್ದೆಗಳನ್ನು ಅವಲಕ್ಕಿಯ ಕಾಳಿನಿಂದ ಕಡಲೆಯ ಗಾತ್ರದವರೆಗೆ ಒಂದೊಂದು ಅಳತೆಯಲ್ಲಿ ಚೂರುಮಾಡಿ, ಕಪ್ಪುಗಂದು ಬಣ್ಣದಲ್ಲಿ ಹೊರಳಿಸಿ, ಮತ್ತೆ ಒಟ್ಟಾಗಿ ಅದುಮುತ್ತಾಳೆ. ಬೇಯಿಸಿ ತೆಗೆದಾಗ ಅದು ಕೊಳಕು ಉಂಡೆಯಂತೆ ಇರುತ್ತದೆ. ಆಮೇಲೆ ನೀರಿನಲ್ಲಿ ಅದ್ದಿದ ಉಪ್ಪುಕಾಗದದಿಂದ, ಮೊದಲು ಒರಟು, ತರುವಾಯ ನಯ, ಅದಕ್ಕಿಂತ ನಯ, ಹೀಗೆ ಉಜ್ಜುತ್ತ ಹೋದಂತೆ ಮೇಲಿನ ಕಪ್ಪು ಅಳಿದು, ಚೂರುಗಳ ಸಂದಿನಲ್ಲಿ ಸಿಕ್ಕಿಕೊಂಡ ಕಪ್ಪು ಮಾತ್ರ ಉಳಿಯುತ್ತದೆ. ಗಣಿಯ ಕಲ್ಲಿನಲ್ಲಿ ಕಾಣುವ ಬಲೆಯಂಥ ಕರಿಗೆರೆಗಳು ಇವೇ. ದಂತದ ವಿಷಯದಲ್ಲಿ ಶ್ರಮ ಇನ್ನೂ ಹೆಚ್ಚು. ಕೆನೆಬಣ್ಣದ ಒಂದು ಹಾಳೆ, ಅರೆಪಾರದರ್ಶಕವಾದ ಒಂದು ಹಾಳೆ, ಹೀಗೆ ಒಂದರ ಮೇಲೊಂದು ಪೇರಿಸಿ, ಲಟ್ಟಿಸಿ, ಎರಡಾಗಿ ಕೊಯ್ದು ಮತ್ತೆ ಪೇರಿಸಿ, ಪದರಗಳು ಕೂದಲೆಳೆಯಷ್ಟು ತೆಳ್ಳಗಾಗುವವರೆಗೆ ಇದನ್ನೇ ಮಾಡಬೇಕು. ಬೆಂದ ಮೇಲೆ ಸೂಜಿಯಿಂದ ಸಣ್ಣ ಬಿರುಕುಗಳನ್ನು ಗೀರಿ, ಕಂದು ಬಣ್ಣವನ್ನು ತಿಕ್ಕಿ ಒರಸಿದರೆ, ನಿನ್ನೆ ಹುಟ್ಟಿದ ಮಣಿಗೆ ನೂರು ವರ್ಷದ ವಯಸ್ಸು ಬರುತ್ತದೆ.

ಕೊನೆಯ ಈ ಕೆಲಸವನ್ನು ಗಮನಿಸಬೇಕು. ಬಣ್ಣವನ್ನೂ ಎಳೆಯನ್ನೂ ಅನುಕರಿಸುವುದು ಒಂದು. ಸವೆತವನ್ನು ಅನುಕರಿಸುವುದು ಇನ್ನೊಂದು. ಬಣ್ಣ ಕಲ್ಲಿನ ಗುಣ. ಸವೆತವಾದರೋ ಹಲವು ಕೊರಳುಗಳ ಚರಿತ್ರೆ. ಇಲ್ಲದ ಅಜ್ಜಿಯರನ್ನು ಮಣಿಗೆ ಕಲ್ಪಿಸಿಕೊಡುವುದು ಬಣ್ಣ ಹಚ್ಚುವುದಕ್ಕಿಂತ ದೊಡ್ಡ ಸಾಹಸ. ಆದರೂ ಕೈಪಿಡಿಗಳಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಈ ಅನುಕರಣವಿದ್ಯೆಯನ್ನು ಹೆಚ್ಚಾಗಿ ಬೆಳೆಸಿ ಕಲಿಸಿದವರಲ್ಲಿ ಅಮೆರಿಕದ ಟೋರಿ ಹ್ಯೂಸ್ ಪ್ರಮುಖರು. ೨೦೦೨ರಲ್ಲಿ ಬಂದ ತಮ್ಮ ಪುಸ್ತಕದ ಹೆಸರಿನಲ್ಲಿ ಅವರು ಈ ಜೇಡಿಯನ್ನು ಊಸರವಳ್ಳಿಗೆ ಹೋಲಿಸಿದ್ದಾರೆ. ಅಲ್ಲಿ ಅದು ಮೆಚ್ಚುಗೆಯ ಮಾತು. ಕನ್ನಡದಲ್ಲಿ ಒಬ್ಬನನ್ನು ಊಸರವಳ್ಳಿಯೆಂದರೆ ಅವನು ಜಗಳಕ್ಕೆ ನಿಲ್ಲುತ್ತಾನೆ. ಒಂದೇ ಪ್ರಾಣಿ ಒಂದು ನುಡಿಯಲ್ಲಿ ಸಾಮರ್ಥ್ಯಕ್ಕೂ ಇನ್ನೊಂದರಲ್ಲಿ ವಂಚನೆಗೂ ಗುರುತಾಗಿರುವುದು ಪ್ರಕೃತ ವಿಚಾರಕ್ಕೆ ಒಪ್ಪುವಂತಿದೆ. ಎರಡು ಮಾತೂ ಆ ಮಣಿಯ ವಿಷಯದಲ್ಲಿ ಸಲ್ಲುತ್ತವೆ.

ಕಡಲ ತಡಿಯ ಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸಿದವನ ದೃಷ್ಟಾಂತ ವೇದಾಂತಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ತಪ್ಪುಂಟು, ಅಪರಾಧಿಯಿಲ್ಲ. ಚಿಪ್ಪು ಬೆಳ್ಳಿಯಂತೆ ಹೊಳೆಯಲೆಂದು ಯಾರೂ ಸಂಕಲ್ಪಿಸಲಿಲ್ಲ. ಬಾಗಿ ಕೈಯಲ್ಲಿ ಎತ್ತಿಕೊಂಡೊಡನೆ ಭ್ರಾಂತಿ ಹರಿಯುತ್ತದೆ. ಇದಕ್ಕೆ ಎದುರಾದ ಕಡೆ ಮಾರೀಚನ ಹೊನ್ನಜಿಂಕೆ ನಿಂತಿದೆ. ಅದರ ಒಂದೊಂದು ಚುಕ್ಕೆಯೂ ಸೀತೆಯ ಕಣ್ಣನ್ನು ಎಳೆಯಲೆಂದೇ ಇಟ್ಟುದು. ಜೇಡಿಯ ಫಿರೋಜಾ ಈ ಎರಡರ ನಡುವೆ ಇದೆ. ಕಲ್ಲಿನಂತೆ ಕಾಣಲೆಂಬ ಸಂಕಲ್ಪ ಅದರಲ್ಲಿ ಖಂಡಿತವಾಗಿ ಉಂಟು. ಕಂಡವರು ಕೆಡಲೆಂಬ ಸಂಕಲ್ಪ ಇರಲೇಬೇಕೆಂದಿಲ್ಲ. ಬಯಲಾಟದಲ್ಲಿ ರಾವಣನ ವೇಷ ಹಾಕಿದವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ರಂಗಸ್ಥಳ, ದೀಪ, ಚೆಂಡೆ, ಮದ್ದಳೆ ಎಲ್ಲವೂ ಇದು ವೇಷ, ಇದು ವೇಷ ಎಂದು ಸಾರುತ್ತಿರುತ್ತವೆ. ಆದರೆ ಮಣಿಗೆ ರಂಗಸ್ಥಳವಿಲ್ಲ. ವೇಷಧಾರಿ ಬೆಳಗಾದ ಮೇಲೂ ಬಣ್ಣ ತೊಳೆಯದೆ ಸಂತೆಗೆ ನಡೆದು ಬಂದಂತೆ ಅದು ಬೀದಿಗೆ ಬರುತ್ತದೆ.

ಹಾಗಾದರೆ ಅಂಥ ವಸ್ತುವನ್ನು ಮಾಡಲೇ ಬಾರದು, ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ ತೋರಲಿ ಎಂಬುದು ಒಂದು ಪೂರ್ವಪಕ್ಷ. ಇದರಲ್ಲಿ ಒಂದು ಶುಚಿತ್ವ ಇದೆ, ಗೌರವಕ್ಕೂ ಅರ್ಹವಾಗಿದೆ. ಆದರೆ ಈ ನಿಯಮವನ್ನು ಅಂಗೀಕರಿಸಿದರೆ ಮನುಷ್ಯನ ಅತ್ಯಂತ ಪ್ರಾಚೀನವಾದ ಕಲೆಗಳಲ್ಲಿ ಒಂದನ್ನು ಬೇರುಸಹಿತ ಕಿತ್ತುಹಾಕಬೇಕಾಗುತ್ತದೆ. ಈಜಿಪ್ಟಿನವರು ಮರಳನ್ನೂ ಕ್ಷಾರವನ್ನೂ ತಾಮ್ರದ ಬಣ್ಣವನ್ನೂ ಬೆರಸಿ ಸುಟ್ಟು ನೀಲಿಹಸಿರಿನ ಹೊಳಪಿನ ಮಣಿಗಳನ್ನು ಮಾಡಿದುದು ಫಿರೋಜಾ ಮತ್ತು ಲಾಜವರ್ದ ಕಲ್ಲುಗಳ ಸೊಬಗನ್ನು ಕಂಡೇ. ಲಾಜವರ್ದವು ಇಂದಿನ ಆಫ್ಘಾನಿಸ್ಥಾನದ ಬದಖ್‌ಶಾನ್ ಬೆಟ್ಟಗಳಿಂದ ಬರಬೇಕಾಗಿತ್ತು. ದಾರಿ ದೂರ, ಬೆಲೆ ಹೆಚ್ಚು. ಮೆಸೊಪೊಟೇಮಿಯದ ಜನ ಅದೇ ಬಣ್ಣದ ಗಾಜನ್ನು ಕುಲುಮೆಯಲ್ಲಿ ಮಾಡುವುದನ್ನು ಕಲಿತರು. ನಿನೆವೆಯಲ್ಲಿ ಅಸ್ಸೀರಿಯದ ಅರಸು ಅಶೂರ್‌ಬನಿಪಾಲನ ಗ್ರಂಥಭಂಡಾರದಿಂದ ದೊರೆತ ಮಣ್ಣಿನ ಹಲಗೆಗಳಲ್ಲಿ ಅದರ ಪಾಕಕ್ರಮವನ್ನು ಬರೆದಿಟ್ಟಿದ್ದಾರೆ. ಆ ಜನ ತಮ್ಮ ಅಕ್ಕಾಡಿಯನ್ ನುಡಿಯಲ್ಲಿ ಈ ಎರಡಕ್ಕೂ ಲಾಜವರ್ದವೆಂದೇ ಹೇಳುತ್ತಿದ್ದರು. ಒಂದು ಬೆಟ್ಟದ ಲಾಜವರ್ದ, ಇನ್ನೊಂದು ಕುಲುಮೆಯ ಲಾಜವರ್ದ.

ಈ ಎರಡು ಮಾತುಗಳ ನ್ಯಾಯವನ್ನು ಎಷ್ಟು ಹೊಗಳಿದರೂ ಕಡಮೆ. ಒಂದನ್ನು ಅಸಲು, ಇನ್ನೊಂದನ್ನು ನಕಲಿ ಎನ್ನಲಿಲ್ಲ. ಒಂದು ಒಳ್ಳೆಯದು, ಒಂದು ಕೆಟ್ಟದ್ದು ಎಂಬ ತೀರ್ಪು ಅದರಲ್ಲಿಲ್ಲ. ಯಾವುದು ಎಲ್ಲಿ ಹುಟ್ಟಿತೆಂಬುದಷ್ಟೇ ಉಂಟು. ಹಾಗೆಂದು ಬೆರಕೆಗೂ ಅಲ್ಲಿ ಎಡೆಯಿಲ್ಲ. ಕೊಳ್ಳುವವನು ಕೇಳಿದರೆ ಉತ್ತರ ಹೆಸರಿನಲ್ಲಿಯೇ ಇದೆ. ಈಜಿಪ್ಟಿನ ತುಟಾಂಖಾಮೆನ್ ಅರಸನ ಶವದ ಮೇಲೆ ಇಟ್ಟಿದ್ದ ಹೊನ್ನಿನ ಮುಖವಾಡ ಅವನ ಸಮಾಧಿಯಲ್ಲಿ ದೊರೆಯಿತು. ಆ ಸಮಾಧಿ ಪತ್ತೆಯಾದುದು ೧೯೨೨ರಲ್ಲಿ. ಮುಖವಾಡದ ಹುಬ್ಬುಗಳಲ್ಲಿಯೂ ಕಣ್ಣಿನ ಸುತ್ತಲೂ ಇರುವುದು ಬೆಟ್ಟದ ಲಾಜವರ್ದ. ತಲೆವಸ್ತ್ರದ ನೀಲಿ ಪಟ್ಟೆಗಳು ಗಾಜು. ಹಿಡಿಹಿಡಿಯಾಗಿ ಹೊನ್ನನ್ನು ಸುರಿದವರಿಗೆ ಬಡತನವಿದ್ದಿತೆನ್ನಲಾಗದು. ಮೂರು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬೆಟ್ಟವೂ ಕುಲುಮೆಯೂ ಒಂದೇ ಮುಖದ ಮೇಲೆ ಜಗಳವಿಲ್ಲದೆ ಇವೆ.

ಆದಕಾರಣ, ಮಾಡಿದುದರಿಂದಲೇ ಸುಳ್ಳು ಹುಟ್ಟುವುದಿಲ್ಲವೆಂದೂ, ಹುಟ್ಟಿದ ಊರಿನ ಹೆಸರನ್ನು ಅದರಿಂದ ಕಿತ್ತುಕೊಂಡಾಗ ಹುಟ್ಟುತ್ತದೆಂದೂ ಹೇಳಬೇಕು. ಇಷ್ಟನ್ನು ಒಪ್ಪುವುದು ಸುಲಭ. ತೊಡಕು ಇಲ್ಲಿಂದ ಮುಂದೆ. ಹೆಸರು ಮಣಿಗೆ ಅಂಟಿಕೊಳ್ಳುವುದಿಲ್ಲ. ಗಡಿಗೆಗೆ ತಳವುಂಟು, ಚಿತ್ರಪಟಕ್ಕೆ ಮೂಲೆಯುಂಟು. ಮಾಡಿದವರು ಅಲ್ಲಿ ತಮ್ಮ ಗುರುತು ಹಾಕಬಹುದು. ಮಣಿಗೆ ತಳವಿಲ್ಲ, ಬೆನ್ನಿಲ್ಲ. ಇರುವುದೊಂದು ತೂತು, ಅದೂ ದಾರಕ್ಕೆ ಮೀಸಲು. ಮೇಲಾಗಿ ಆಭರಣಗಳಲ್ಲೆಲ್ಲ ಹೆಚ್ಚು ಅಲೆಯುವುದು ಮಣಿ. ದಾರ ಹರಿದರೆ ಬೇರೆ ಸರಕ್ಕೆ ಸೇರುತ್ತದೆ, ಕೊರಳಿಂದ ಕೊರಳಿಗೆ ಹೋಗುತ್ತದೆ, ಪೆಟ್ಟಿಗೆಯಲ್ಲಿ ಹಳೆಯದರೊಡನೆ ಬೆರೆಯುತ್ತದೆ. ಮಾಡಿದವಳು ಕೊಂಡವಳಿಗೆ ಸತ್ಯವನ್ನೇ ಹೇಳಿ ಮಾರಿದಳು ಎಂದಿಟ್ಟುಕೊಂಡರೂ, ಕೊಂಡವಳ ಮೊಮ್ಮಗಳು ಪೆಟ್ಟಿಗೆ ತೆರೆದ ದಿನ ಆ ಮಾತು ಅಲ್ಲಿರುವುದಿಲ್ಲ, ಮಣಿ ಇರುತ್ತದೆ. ಅದಕ್ಕೆ ಗೀರಿದ ಸುಳ್ಳು ಬಿರುಕುಗಳ ಜೊತೆಗೆ ನಿಜವಾದ ಸವೆತವೂ ಅಷ್ಟರಲ್ಲಿ ಕೂಡಿರುತ್ತದೆ. ಪ್ಲಾಸ್ಟಿಕ್ಕು ಮಣ್ಣಾಗುವುದಕ್ಕೆ ಬಹಳ ಕಾಲ ಬೇಕೆಂಬ ದೂರು ಇಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ವಸ್ತುವಿಗೆ ಆಯುಷ್ಯ ಹೆಚ್ಚು, ಅದರ ಮೇಲಿನ ಮಾತಿಗೆ ಕಡಮೆ.

ಮಾರಾಟದ ಚೀಟಿಯ ಮೇಲೆ ಬರೆದರೂ ಬರೆಯುವ ಬಗೆಯಲ್ಲಿ ಭೇದವುಂಟು. ದ್ರೋಣಾಚಾರ್ಯರಿಗೆ ಧರ್ಮರಾಯನು ಅಶ್ವತ್ಥಾಮನು ಸತ್ತನೆಂಬುದನ್ನು ಗಟ್ಟಿಯಾಗಿಯೂ, ಸತ್ತುದು ಆನೆ ಎಂಬುದನ್ನು ತಗ್ಗಿದ ದನಿಯಲ್ಲಿಯೂ ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಮಾತಿನಲ್ಲಿ ಸತ್ಯವಿತ್ತು, ದನಿಯಲ್ಲಿ ಇರಲಿಲ್ಲ, ನೆಲಕ್ಕೆ ತಾಗದೆ ನಡೆಯುತ್ತಿದ್ದ ರಥ ನೆಲಕ್ಕಿಳಿಯಿತು. ಕಲ್ಲಿನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಕೃತಕವೆಂಬುದನ್ನು ಇರುವೆಯ ಸಾಲಿನಂತೆ ಕೆಳಗೆ ಬರೆಯುವ ವರ್ತಕನು ಮಾಡುವುದೂ ಇದನ್ನೇ. ಇಂಗ್ಲಿಷ್ ಮಾತನಾಡುವ ಪೇಟೆಗಳಲ್ಲಿ ಇಂಥ ಮಣಿಗಳಿಗೆ ‘ಫೋ’ ಎಂಬ ಫ್ರೆಂಚ್ ಮಾತನ್ನು ಸೇರಿಸುವ ರೂಢಿಯಿದೆ. ಅದರ ಅರ್ಥ ಹುಸಿ ಎಂದಷ್ಟೆ. ತಮ್ಮ ನುಡಿಯಲ್ಲಿ ಹೇಳಲು ಸಂಕೋಚವಾದುದನ್ನು ಜನ ನೆರೆಯವರ ನುಡಿಯಲ್ಲಿ ಹೇಳುವುದು ಹೊಸತಲ್ಲ; ಆದರೆ ಸಂಕೋಚವಿದ್ದಿತೆಂಬುದಕ್ಕೆ ಅದೇ ಸಾಕ್ಷಿ. ಕನ್ನಡದ ಸ್ಥಿತಿಯೂ ಉತ್ತಮವಾಗಿಲ್ಲ. ನಕಲಿ ಎಂದರೆ ಬೈದಂತಾಗುತ್ತದೆ. ಕೃತಕ ಎಂದರೆ ಕೈಯ ಶ್ರಮವೆಲ್ಲ ಯಂತ್ರದ ಪಾಲಾದಂತೆ ಕೇಳಿಸುತ್ತದೆ. ಒಲೆಯ ಫಿರೋಜಾ ಎಂದು ಹೇಳಬಹುದಾದರೆ ಚೆನ್ನು. ಮೇಜಿನ ಮುಂದೆ ಕುಳಿತವಳಿಗೆ ಅದರಿಂದ ಅವಮಾನವೂ ಇಲ್ಲ, ಕೊಳ್ಳುವವನಿಗೆ ಮೋಸವೂ ಇಲ್ಲ.

ಕಲ್ಲಿನ ಅನುಕರಣದಿಂದ ಯಾರಿಗೆ ಹಾನಿ, ಬೆಟ್ಟ ಬಂದು ದೂರು ಕೊಡುವುದೇ, ಎಂದು ಕೇಳುವವರುಂಟು. ಬೆಟ್ಟ ದೂರು ಕೊಡದಿರಬಹುದು. ಬೆಟ್ಟದ ಬುಡದಲ್ಲಿ ಜನರಿದ್ದಾರೆ. ಅಮೆರಿಕದ ನೈಋತ್ಯ ಪ್ರಾಂತಗಳಲ್ಲಿ ನವಾಹೊ, ಝೂನಿ, ಪ್ವೆಬ್ಲೊ ಮುಂತಾದ ಮೂಲನಿವಾಸಿಗಳು ಫಿರೋಜಾದ ಕೆಲಸದಿಂದ ಜೀವನ ನಡೆಸುತ್ತಾರೆ. ಅವರ ಕೈಕೆಲಸವೆಂದು ಹೇಳಿ ಬೇರೆಯವರ ಸರಕನ್ನು ಮಾರುವುದು ಅಲ್ಲಿ ಹಳೆಯ ಪಿಡುಗು. ಅದನ್ನು ಅಪರಾಧವೆಂದು ವಿಧಿಸಿದ ಕಾಯಿದೆ ೧೯೯೦ರಲ್ಲಿ ಬಿಗಿಯಾಯಿತು. ಗಮನಿಸಬೇಕಾದುದೇನೆಂದರೆ, ಆ ಕಾಯಿದೆ ಅವರ ಮಾದರಿಯಲ್ಲಿ ಮಾಡಬೇಡಿರೆಂದು ಹೇಳುವುದಿಲ್ಲ, ಅವರು ಮಾಡಿದರೆಂದು ಹೇಳಬೇಡಿರೆನ್ನುತ್ತದೆ. ಅಲ್ಲಿಯೂ ಹೆಸರೇ ವಿಷಯ. ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. ೧೯೩೦ರ ದಶಕದ ಮುಗ್ಗಟ್ಟಿನ ಕಾಲದಲ್ಲಿ, ಸಾಂಟೊ ಡೊಮಿಂಗೊ ಪ್ವೆಬ್ಲೊದ ಕುಶಲಿಗಳು ಕರಿಯ ಕಲ್ಲಿಗೆ ಬದಲಾಗಿ ಮೋಟಾರು ಬ್ಯಾಟರಿಯ ಹೊರಕವಚವನ್ನೂ ಗ್ರಾಮಫೋನ್ ತಟ್ಟೆಯನ್ನೂ, ಕೆಂಪಿಗೆ ಪ್ಲಾಸ್ಟಿಕ್ ಬಾಚಣಿಗೆಯ ಚೂರನ್ನೂ ಕೊಯ್ದು, ಹಕ್ಕಿಯ ಪದಕಗಳನ್ನು ಮಾಡಿದರು. ಇಂದು ಸಂಗ್ರಾಹಕರು ಅವನ್ನು ಹುಡುಕಿಕೊಂಡು ಹೋಗುತ್ತಾರೆ. ದ್ರವ್ಯ ಬ್ಯಾಟರಿಯದು, ಅದನ್ನು ಕಿತ್ತು ತಂದ ಕೈ, ಪಟ್ಟ ಕಷ್ಟ, ಆ ಹಕ್ಕಿಯ ರೂಪ ಇವು ಯಾವುವೂ ಹುಸಿಯಲ್ಲ.

ಜೇಡಿಯ ಕೆಲಸಗಾರರಲ್ಲಿಯೇ ಒಬ್ಬರಿಂದೊಬ್ಬರು ತೆಗೆದುಕೊಳ್ಳುವ ವಿಷಯವೂ ಇದಕ್ಕೆ ಸೇರಿದೆ. ೧೯೮೦ರ ದಶಕದಲ್ಲಿ ಪಿಯರ್ ವೂಲ್ಕಸ್, ಕ್ಯಾಥ್ಲೀನ್ ಡಸ್ಟಿನ್, ಸ್ಟೀವನ್ ಫೋರ್ಡ್ ಮತ್ತು ಡೇವಿಡ್ ಫೋರ್ಲಾನೊ ಮುಂತಾದವರು ಕಲ್ಲನ್ನೂ ದಂತವನ್ನೂ ಬಿಟ್ಟು, ಬಣ್ಣದ ಕಟ್ಟುಗಳಿಂದ ಈ ದ್ರವ್ಯಕ್ಕೇ ಸಲ್ಲುವ ರೂಪಗಳನ್ನು ಹುಡುಕತೊಡಗಿದರು. ಅಂಗೈ ಅಗಲದ ದಿಂಡಿನೊಳಗೆ ಕಟ್ಟಿದ ಹೂವಿನ ಚಿತ್ರ, ದಿಂಡನ್ನು ಒತ್ತಿ ಒತ್ತಿ ಬೆರಳಿನಷ್ಟು ಸಪುರವಾಗಿ ಎಳೆದಾಗಲೂ ಕೆಡದೆ, ಎಲ್ಲಿ ಕೊಯ್ದರೂ ಅದೇ ಹೂವಾಗಿ ತೋರುತ್ತದೆ. ಮೇಲೆ ಬಳಿದುದಲ್ಲ, ಒಳಗೂ ಹೊರಗೂ ಒಂದೇ. ಬಿಲ್ಲೆಬಿಲ್ಲೆಯಾಗಿ ಕೊಯ್ದು ಮಣಿಗೆ ಹೊದಿಸಿ ಉರುಳಿಸಿದರೆ ಸಂದು ಮಾಯವಾಗುತ್ತದೆ. ಈ ಕಲೆ ೨೦೧೧ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ರಸೀನ್ ಕಲಾಸಂಗ್ರಹಾಲಯದ ಪ್ರದರ್ಶನವನ್ನು ಏರಿತು. ಇಲ್ಲಿ ಕಲ್ಲನ್ನು ವಂಚಿಸಿದ ಆಕ್ಷೇಪಣೆಯಿಲ್ಲ. ಆದರೆ ಒಬ್ಬರ ಹೂವನ್ನು ನೋಡಿ ಇನ್ನೊಬ್ಬರು ಅದನ್ನೇ ಕಟ್ಟಿ ತನ್ನದೆಂದು ಮಾರಿದರೆ, ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ ತೋರುತ್ತಿದ್ದರೂ ಅದು ಕದ್ದ ಮಾಲೇ. ಶುಚಿತ್ವದ ಪೂರ್ವಪಕ್ಷ ಈ ಕಳವನ್ನು ಹಿಡಿಯಲಾರದು.

ತೊಡುವವಳ ಮಾತು ಉಳಿಯಿತು. ಮಾಡಿದವಳು ಹೇಳಿದಳು, ಮಾರಿದವನು ಹೇಳಿದನು. ಕೊರಳಿನ ಮೇಲೆ ಚೀಟಿ ಕಟ್ಟಿಕೊಂಡು ತಿರುಗುವಂತೆ ಯಾರನ್ನೂ ಕೇಳಲಾಗದು. ಕೇಳದವರಿಗೂ ತಿಳಿಸಬೇಕಾದ ಋಣ ಅವಳಿಗುಂಟೇ? ಸಾಮಾನ್ಯವಾಗಿ ಇಲ್ಲವೆನ್ನಬೇಕು. ಆಭರಣದ ಬೆಲೆಯನ್ನು ದ್ರವ್ಯದಿಂದ ಕಟ್ಟುವುದು ಅಕ್ಕಸಾಲಿಗನ ತಕ್ಕಡಿಗೆ ಸರಿ. ಬದುಕು ಹಾಗೆ ಕಟ್ಟುವುದಿಲ್ಲ. ಕನ್ನಡನಾಡಿನ ಹೆಣ್ಣುಮಗಳು ಕೊರಳಲ್ಲಿ ಧರಿಸುವ ಕರಿಮಣಿ ಬರಿಯ ಗಾಜು. ಅದು ಯಾವ ಕಲ್ಲನ್ನೂ ನಟಿಸುವುದಿಲ್ಲ. ಅದರೊಡನೆ ಪೋಣಿಸಿದ ಚಿನ್ನವನ್ನು ಅಡವಿಟ್ಟ ಮನೆಗಳುಂಟು, ಕರಿಮಣಿಯನ್ನು ಅಡವಿಟ್ಟವರಿಲ್ಲ. ಯಾವ ಸಾಹುಕಾರನೂ ಅದಕ್ಕೆ ಕಾಸು ಕೊಡುವುದಿಲ್ಲವೆಂಬುದು ಮಾತ್ರವೇ ಇದಕ್ಕೆ ಕಾರಣವಲ್ಲ. ಫಿರೋಜಾದಂತೆ ತೋರುವ ಸರವನ್ನು ಹಾಕಿಕೊಂಡವಳು ಬಣ್ಣ ಮೆಚ್ಚಿ ಹಾಕಿಕೊಂಡಿದ್ದರೆ, ಎದುರಿನವರು ಅವಳನ್ನು ಇನ್ನಷ್ಟು ಸಿರಿವಂತಳೆಂದು ಭಾವಿಸಿದರೆ, ಅದು ಚಿಪ್ಪನ್ನು ಬೆಳ್ಳಿಯೆಂದವನ ತಪ್ಪಿನಂತೆ ನಿರಪರಾಧವಾದುದು. ಮುಟ್ಟಿ ನೋಡಿದವರಿಗೆ ಗೊತ್ತಾಗುತ್ತದೆ. ಕಲ್ಲು ತಣ್ಣಗೆ ತೂಕವಾಗಿರುತ್ತದೆ, ಜೇಡಿ ಹಗುರವಾಗಿ ಮೈಯ ಬಿಸುಪನ್ನು ಬೇಗ ತಾಳುತ್ತದೆ. ಕಣ್ಣಿಗೆ ಹೇಳಿದ ಸುಳ್ಳನ್ನು ಚರ್ಮಕ್ಕೆ ಹೇಳಲಾಗದು.

ದಂತದ ವಿಷಯ ಹಾಗಲ್ಲ. ದಂತಕ್ಕೆ ಬದಲು ಒದಗಿಸುವುದು ದಯೆಯ ಕೆಲಸವೆಂದು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಅಮೆರಿಕದ ಜಾನ್ ವೆಸ್ಲಿ ಹ್ಯಾಟ್ ಬಿಲಿಯರ್ಡ್ ಚೆಂಡಿಗೆ ದಂತದ ಬದಲು ಹುಡುಕುತ್ತ ೧೮೭೦ರ ಸುಮಾರಿನಲ್ಲಿ ಸೆಲ್ಯುಲಾಯ್ಡನ್ನು ಬಳಕೆಗೆ ತಂದಾಗ, ಅದರ ಮಾರಾಟಗಾರರು ಇನ್ನು ಆನೆಗೂ ಆಮೆಗೂ ಬಿಡುವು ದೊರೆಯಿತೆಂದು ಸಾರಿದರು. ಅನಂತರ ಅದರಲ್ಲಿ ದಂತದ ಎಳೆಗಳನ್ನೇ ಮೂಡಿಸಿ ‘ಫ್ರೆಂಚ್ ದಂತ’ ಎಂಬ ಹೆಸರಿನಲ್ಲಿ ಬಾಚಣಿಗೆಗಳನ್ನೂ ಕನ್ನಡಿಯ ಹಿಡಿಗಳನ್ನೂ ಮನೆಮನೆಗೆ ಮಾರಿದರು. ಆನೆಗೆ ಬಿಡುವು ದೊರೆಯಲಿಲ್ಲ. ಹುಸಿದಂತ ಮನೆಮನೆಗೆ ಬಂದ ಆ ದಶಕಗಳಲ್ಲಿಯೇ ಆಫ್ರಿಕದ ದಂತದ ವ್ಯಾಪಾರ ಮೇಲೆಮೇಲೆ ಏರಿತು. ಆಫ್ರಿಕದಲ್ಲಿ ೧೯೭೯ರಲ್ಲಿ ಸುಮಾರು ೧೩ ಲಕ್ಷವೆಂದು ಅಂದಾಜು ಮಾಡಿದ್ದ ಆನೆಗಳು ೧೯೮೯ರ ವೇಳೆಗೆ ಸುಮಾರು ೬ ಲಕ್ಷಕ್ಕೆ ಇಳಿದವು. ಆ ವರ್ಷ ರಾಷ್ಟ್ರಗಳು ಸೇರಿ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು. ಭಾರತವು ದೇಶದ ಆನೆಯ ದಂತವನ್ನು ೧೯೮೬ರಲ್ಲಿಯೂ, ಆಫ್ರಿಕದಿಂದ ಬಂದುದನ್ನು ೧೯೯೧ರಲ್ಲಿಯೂ ವ್ಯಾಪಾರದಿಂದ ಹೊರಗಿಟ್ಟಿತು.

ಮೈಸೂರಿನ ಬೀಟೆಮರದ ಕೂಡಿಕೆಯ ಕೆಲಸಕ್ಕೆ ಆ ನಿಷೇಧ ನೇರವಾಗಿ ತಾಕಿತು. ಕಪ್ಪುಗೆಂಪು ಮರದಲ್ಲಿ ದಂತದ ಚೂರುಗಳನ್ನು ಕೂಡಿಸಿ ಜಂಬೂಸವಾರಿಯನ್ನು ಚಿತ್ರಿಸುತ್ತಿದ್ದ ಕುಶಲಿಗಳು ಆ ಎಡೆಗೆ ಪ್ಲಾಸ್ಟಿಕ್ಕನ್ನೂ ಬಿಳಿಯ ಮರವನ್ನೂ ತಂದರು. ಆನೆಯ ಚಿತ್ರಕ್ಕಾಗಿ ಆನೆ ಸಾಯುವುದು ನಿಂತಿತು. ಚಿತ್ರಕ್ಕೆ ಏನೂ ಊನವಾಗಲಿಲ್ಲ. ಅಲ್ಲಿ ಬಿಳಿ ಬೇಕಾಗಿತ್ತು, ದಂತ ಬೇಕಾಗಿರಲಿಲ್ಲ. ಇದು ಬದಲಿ, ಹ್ಯಾಟನ ತರುವಾಯ ಬಂದುದು ಅನುಕರಣ. ಬದಲಿಯು ಆಸೆಯನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಎಳೆ, ಬಿರುಕು, ಹಳೆಯ ಕಂದು ಇವುಗಳೊಡನೆ ಮಾಡಿದ ಅನುಕರಣವು ಆಸೆಯನ್ನು ಅದೇ ಕಡೆಗೆ ನೆಟ್ಟು ನಿಲ್ಲಿಸುತ್ತದೆ. ದಂತ ಸೊಗಸು, ದಂತ ಹಳೆಯ ಮನೆತನದ ಗುರುತು ಎಂಬ ಭಾವನೆಯನ್ನು ಕೊರಳಿನಿಂದ ಕೊರಳಿಗೆ ಒಯ್ಯುತ್ತದೆ. ಅದಕ್ಕೂ ಮಿಗಿಲಾದ ಒಂದು ಕೇಡುಂಟು. ನಿಷೇಧದ ಮೇಲೆ ನಿಜವಾದ ದಂತವೇ ವೇಷ ಹಾಕತೊಡಗಿತು. ಅಂತರಜಾಲದ ಮಾರುಕಟ್ಟೆಗಳಲ್ಲಿ ಅದನ್ನು ದನದ ಮೂಳೆಯೆಂಬ ಹೆಸರಿನಲ್ಲಿ ಮಾರುವುದು ಪತ್ತೆಯಾಗಿದೆ. ಹುಸಿಯು ದಿಟದ ಹೆಸರನ್ನು ಕದಿಯುವುದು ಲೋಕಕ್ಕೆ ಗೊತ್ತಿದ್ದ ಕಳವು. ದಿಟವು ಹುಸಿಯ ಹೆಸರಿನಲ್ಲಿ ಅಡಗಿಕೊಳ್ಳುವುದು ಇದೊಂದು ವಿಚಿತ್ರ. ದಂತದಂತೆ ತೋರುವ ಸಾವಿರ ಮುಗ್ಧ ಮಣಿಗಳಿರುವ ಪೇಟೆಯಲ್ಲಿ ಕೊಂದು ತಂದ ಹತ್ತು ಮಣಿಗಳು ಸುಖವಾಗಿ ಬೆರೆಯುತ್ತವೆ.

ಈ ಕಾರಣದಿಂದ, ಕರಿಗೆರೆಯ ಫಿರೋಜಾಕ್ಕೆ ಸಲ್ಲುವ ಮೌನ ಬಿರುಕುಬಿಟ್ಟ ಕೆನೆಬಣ್ಣದ ಸರಕ್ಕೆ ಸಲ್ಲುವುದಿಲ್ಲ. ಮಾಡುವವಳು ಆ ಕಂದು ಬಿರುಕುಗಳನ್ನು ಗೀರದೆ ಬಿಟ್ಟರೆ ಒಳ್ಳೆಯದು. ಪದರದ ಸೊಗಸು ಅವಿಲ್ಲದೆಯೂ ಉಳಿಯುತ್ತದೆ. ಗೀರಿದ ಸರ ಈಗಾಗಲೇ ಕೊರಳಲ್ಲಿದ್ದರೆ, ಮದುವೆಮನೆಯಲ್ಲಿ ಪಕ್ಕದಲ್ಲಿ ಕುಳಿತವಳು ಅದನ್ನು ಮೆಚ್ಚಿ ನೋಡುತ್ತಿರುವಾಗ, ಅವಳು ಕೇಳುವುದಕ್ಕೆ ಮುಂಚೆಯೇ ಹೇಳಬೇಕು: ಇದು ಒಲೆಯದು, ಆನೆಯದಲ್ಲ.